ಅಲ್ಲಿಯ ಋತುಚಕ್ರ, ಇಲ್ಲಿಯ ಕಣ

ಹಳೆಯ ಇಂಗ್ಲಿಷಿನಲ್ಲಿ 'ವಿಕ್ಕ' ಎಂಬ ಒಂದು ಶಬ್ದವಿದೆ. ಸಾವಿರ ವರ್ಷಗಳ ಹಿಂದೆ ಅದಕ್ಕೆ ಮಾಂತ್ರಿಕ ಎಂದು ಅರ್ಥವಿತ್ತು. ಇಂದಿನ 'ವಿಚ್' ಎಂಬ ಮಾತು ಬೆಳೆದದ್ದೂ ಅದೇ ಬೇರಿನಿಂದ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಒಂದು ಹೊಸ ಮತವು ಈ ಹಳೆಯ ಶಬ್ದವನ್ನೇ ತನ್ನ ಹೆಸರಾಗಿ ಆರಿಸಿಕೊಂಡಿತು. ಅದನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಮೊದಲು ಕೈಗೆ ಸಿಕ್ಕುವ ಪದ 'ಮಾಟ'. ಮಾಟಗಾತಿಯರ ಮತ ಎಂದುಬಿಟ್ಟರೆ ನಿಘಂಟಿಗೇನೋ ತೃಪ್ತಿಯಾಗುತ್ತದೆ; ಅರ್ಥ ಮಾತ್ರ ಕೈಬಿಟ್ಟುಹೋಗುತ್ತದೆ. ಆ ಮತದವರು ಮುಖ್ಯವಾಗಿ ಮಾಡುವುದು ಋತುಗಳ ಪೂಜೆ. ವರ್ಷವನ್ನು ಎಂಟು ಹಬ್ಬಗಳಾಗಿ ಹಂಚಿಕೊಂಡು, ನೆಲವನ್ನು ತಾಯಿಯೆಂದು ಭಾವಿಸಿ, ಬೆಳಕು ಹೆಚ್ಚುವುದನ್ನೂ ಕುಗ್ಗುವುದನ್ನೂ ಅವರು ಆಚರಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಹೋಲಿಕೆಯನ್ನು ಹುಡುಕಬೇಕಾದರೆ ಮಂತ್ರವಾದಿಯ ಮನೆಗೆ ಹೋಗಬೇಕಾಗಿಲ್ಲ. ಊರ ಅಮ್ಮನ ಗುಡಿಗೂ ಸುಗ್ಗಿಯ ಕಣಕ್ಕೂ ಹೋಗಬೇಕು. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ, ಮೊಸಳೆ ಎಂಬ ಊರಿದೆ. ಆ ಊರನ್ನೂ ಅದರ ಸುತ್ತಿನ ಸೀಮೆಯನ್ನೂ ಕಣ್ಣ ಮುಂದಿಟ್ಟುಕೊಂಡು, ಅಲ್ಲಿಯ ಋತುಚಕ್ರವನ್ನೂ ಇಲ್ಲಿಯದನ್ನೂ ಜೊತೆಜೊತೆಯಾಗಿ ನೋಡಬೇಕೆಂಬುದು ನನ್ನ ಉದ್ದೇಶ.

ಮೊದಲು ಆ ಮತದ ತಿರುಳನ್ನು ಹೇಳುತ್ತೇನೆ. ವಿಕ್ಕ ಮತದವರಿಗೆ ಒಬ್ಬ ದೇವಿ, ಒಬ್ಬ ದೇವ. ದೇವಿಯು ಚಂದ್ರನ ಕಳೆಗಳಂತೆ ಮೂರು ರೂಪದವಳು: ಕನ್ಯೆ, ತಾಯಿ, ಮುದುಕಿ. ದೇವನ ತಲೆಯ ಮೇಲೆ ಕೊಂಬುಗಳುಂಟು. ಆತ ಕಾಡಿಗೂ ಬೇಟೆಗೂ ಬೆಳೆಗೂ ಒಡೆಯ. ಸೂರ್ಯನೊಡನೆ ಏರಿ, ಸೂರ್ಯನೊಡನೆ ಇಳಿದು, ಚಳಿಗಾಲದ ನಟ್ಟನಡುವೆ ಮತ್ತೆ ಹುಟ್ಟುತ್ತಾನೆ. ಇವರಿಗೆ ಕಟ್ಟಡದ ದೇವಾಲಯ ಬೇಕಾಗಿಲ್ಲ. ನೆಲದ ಮೇಲೆ ಒಂದು ವೃತ್ತವನ್ನು ಎಳೆದು, ಪೂರ್ವದಲ್ಲಿ ಗಾಳಿ, ದಕ್ಷಿಣದಲ್ಲಿ ಬೆಂಕಿ, ಪಶ್ಚಿಮದಲ್ಲಿ ನೀರು, ಉತ್ತರದಲ್ಲಿ ಮಣ್ಣು ಎಂದು ನಾಲ್ಕು ಭೂತಗಳನ್ನು ಆವಾಹನೆ ಮಾಡುತ್ತಾರೆ. ಬಟ್ಟಲು, ಕೋಲು, ಕತ್ತಿ, ಐದು ಮೂಲೆಯ ನಕ್ಷತ್ರವನ್ನು ಬರೆದ ತಟ್ಟೆ, ಇವು ಪೂಜೆಯ ಸಾಮಗ್ರಿ. ಹುಣ್ಣಿಮೆಗೆ ಒಂದು ಕೂಟ, ಋತುವಿಗೆ ಒಂದು ಹಬ್ಬ. ಯಾರಿಗೂ ಕೇಡಾಗದಂತೆ ನಿನ್ನ ಇಚ್ಛೆಯಂತೆ ನಡೆ ಎಂಬುದು ಅವರ ನೀತಿಯ ಸಾರ. ಮಾಡಿದ್ದು ಮೂರು ಪಟ್ಟಾಗಿ ಮರಳುತ್ತದೆಂಬ ನಂಬಿಕೆಯೂ ಹಲವರಲ್ಲಿ ಉಂಟು. ಒಂದು ಧರ್ಮಗ್ರಂಥವಾಗಲಿ ಒಂದು ಪೀಠವಾಗಲಿ ಇವರಿಗಿಲ್ಲ. ಕ್ರೈಸ್ತರು ಹೇಳುವ ಸೈತಾನನಿಗೂ ಇವರಿಗೂ ಸಂಬಂಧವಿಲ್ಲ.

ಇನ್ನು ಎಂಟು ಹಬ್ಬಗಳು. ಅಕ್ಟೋಬರ್ ೩೧ರ ಇರುಳಿನದು ಮೊದಲನೆಯದು. ಅದು ಸತ್ತವರನ್ನು ನೆನೆಯುವ ಹಬ್ಬ. ಐರ್ಲೆಂಡಿನ ಭಾಷೆಯಲ್ಲಿ ಅದರ ಹೆಸರನ್ನು 'ಸಾವಿನ್' ಎಂದು ಹತ್ತಿರ ಹತ್ತಿರ ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ಇದು ವಿಚಿತ್ರವಾದ ಸಾಮ್ಯವಾಗಿ ಕೇಳಿಸಿದರೂ ಬರಿಯ ಆಕಸ್ಮಿಕ. ಡಿಸೆಂಬರಿನ ಕೊನೆಯ ಭಾಗದಲ್ಲಿ ಅತಿ ದೀರ್ಘವಾದ ಇರುಳಿಗೆ ಯೂಲ್. ಫೆಬ್ರವರಿಯ ಮೊದಲಲ್ಲಿ, ಕುರಿಗಳು ಹಾಲಿಳಿಸುವ ಕಾಲಕ್ಕೆ, ಇಂಬೋಲ್ಕ್. ಮಾರ್ಚಿಯಲ್ಲಿ ಹಗಲಿರುಳು ಸಮವಾದಾಗ ಒಂದು, ಮೇ ೧ರಂದು ಬೆಲ್ಟೇನ್, ಜೂನ್ ತಿಂಗಳ ಅತಿ ದೀರ್ಘ ಹಗಲಿಗೆ ಒಂದು, ಆಗಸ್ಟ್ ೧ರಂದು ಹೊಸ ಧಾನ್ಯದ ಹಬ್ಬ, ಸೆಪ್ಟೆಂಬರಿನಲ್ಲಿ ಮತ್ತೆ ಹಗಲಿರುಳು ಸಮವಾದಾಗ ಎರಡನೆಯ ಸುಗ್ಗಿ. ಇದನ್ನು ಅವರು ವರ್ಷದ ಚಕ್ರವೆಂದು ಕರೆಯುತ್ತಾರೆ.

ಈ ಚಕ್ರ ಎಲ್ಲಿಂದ ಬಂತು? ಅದರ ಕಥೆಯಲ್ಲಿ ನಮ್ಮ ದೇಶದ ನೆಲವೂ ಸ್ವಲ್ಪ ಬೆರೆತಿದೆ. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಮಾರ್ಗರೆಟ್ ಮರ್ರೆ ಎಂಬಾಕೆ ಹುಟ್ಟಿದಳು. ಮುಂದೆ ಲಂಡನ್ನಿನಲ್ಲಿ ಈಜಿಪ್ಟಿನ ಪುರಾತತ್ವದ ವಿದುಷಿಯೆಂದು ಹೆಸರಾದ ಈಕೆ, ೧೯೨೧ರಲ್ಲಿ ಪಶ್ಚಿಮ ಯೂರೋಪಿನ ಮಾಟಗಾತಿಯರ ವಿಷಯವಾಗಿ ಒಂದು ಪುಸ್ತಕವನ್ನು ಬರೆದಳು. ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ನಿಜವಾಗಿ ಕ್ರಿಸ್ತಪೂರ್ವದ ಒಂದು ಕೃಷಿಧರ್ಮದ ಅನುಯಾಯಿಗಳು. ಆ ಧರ್ಮ ಗುಟ್ಟಾಗಿ ಶತಮಾನಗಳ ಕಾಲ ಬದುಕಿತ್ತು, ಇದು ಆಕೆಯ ವಾದ. ೧೯೨೯ರಿಂದ ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದಲ್ಲಿ ಈ ವಿಷಯದ ಲೇಖನವನ್ನೂ ಆಕೆಯೇ ಬರೆದದ್ದರಿಂದ, ವಾದವು ಸಿದ್ಧಾಂತದಂತೆ ಜನರ ಮನಸ್ಸಿನಲ್ಲಿ ನೆಲೆಯೂರಿತು.

ಎರಡನೆಯ ವ್ಯಕ್ತಿ ಜೆರಾಲ್ಡ್ ಗಾರ್ಡ್ನರ್. ೧೮೮೪ರಲ್ಲಿ ಹುಟ್ಟಿದ ಈತ ಎಳೆಯ ವಯಸ್ಸಿನಲ್ಲೇ ಸಿಂಹಳದ ತೋಟಗಳಿಗೆ ಬಂದು, ಬೋರ್ನಿಯೋ, ಮಲಯಗಳಲ್ಲಿ ದುಡಿದು, ಸುಂಕದ ಅಧಿಕಾರಿಯಾಗಿ ನಿವೃತ್ತನಾಗಿ ೧೯೩೬ರಲ್ಲಿ ತಾಯ್ನಾಡಿಗೆ ಮರಳಿದನು. ೧೯೩೯ರಲ್ಲಿ ನ್ಯೂ ಫಾರೆಸ್ಟ್ ಎಂಬ ಕಾಡುಸೀಮೆಯಲ್ಲಿ ಹಳೆಯ ಧರ್ಮದ ಒಂದು ಗುಂಪು ತನಗೆ ದೀಕ್ಷೆ ಕೊಟ್ಟಿತೆಂದು ಆತ ಹೇಳಿಕೊಂಡನು. ಆಗ ಇಂಗ್ಲೆಂಡಿನಲ್ಲಿ ೧೭೩೫ರ ಮಾಟದ ಕಾಯಿದೆ ಇನ್ನೂ ಜಾರಿಯಲ್ಲಿತ್ತು. ಅದು ಮಾಟವನ್ನು ನಂಬುತ್ತಿದ್ದ ಕಾಯಿದೆಯಲ್ಲ. ಮಾಟ ಬಲ್ಲೆನೆಂದು ಸೋಗು ಹಾಕುವವರನ್ನು ದಂಡಿಸುವ ಕಾಯಿದೆ. ೧೯೫೧ರಲ್ಲಿ ಅದು ರದ್ದಾಯಿತು. ೧೯೫೪ರಲ್ಲಿ ಗಾರ್ಡ್ನರ್ ತನ್ನ ಮುಖ್ಯ ಪುಸ್ತಕವನ್ನು ಹೊರತಂದನು. ಅದಕ್ಕೆ ಮುನ್ನುಡಿ ಬರೆದವಳು ಮಾರ್ಗರೆಟ್ ಮರ್ರೆಯೇ. ಗಾರ್ಡ್ನರನ ಶಿಷ್ಯೆಯಾದ ಡೋರೀನ್ ವಾಲಿಯೆಂಟೆ ಪೂಜೆಯ ಪಾಠಗಳನ್ನು ತಿದ್ದಿ ಕಾವ್ಯದ ಹದಕ್ಕೆ ತಂದಳು.

ವಿದ್ವಾಂಸರು ಆಮೇಲೆ ಇದನ್ನು ಒರೆಗೆ ಹಚ್ಚಿದರು. ಮರ್ರೆ ಆಧಾರವಾಗಿ ಇಟ್ಟುಕೊಂಡದ್ದು ನ್ಯಾಯಾಲಯಗಳ ತಪ್ಪೊಪ್ಪಿಗೆಗಳನ್ನು. ಅವುಗಳಲ್ಲಿ ಅನೇಕವು ಚಿತ್ರಹಿಂಸೆಯಿಂದ ಹೊರಡಿಸಿದ ಮಾತುಗಳು. ವಿಚಾರಣೆಗಾರ ಏನನ್ನು ಕೇಳಬೇಕೆಂದಿದ್ದನೋ ಅದನ್ನೇ ಕೈದಿ ಹೇಳಿದ್ದಳು. ೧೯೭೫ರಲ್ಲಿ ನಾರ್ಮನ್ ಕೋನ್ ಈ ದೌರ್ಬಲ್ಯವನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದನು. ೧೯೯೯ರಲ್ಲಿ ರೊನಾಲ್ಡ್ ಹಟನ್ ಈ ಮತದ ಪೂರ್ಣ ಚರಿತ್ರೆಯನ್ನು ಬರೆದು, ಅದು ಆಧುನಿಕ ಇಂಗ್ಲೆಂಡಿನ ಸೃಷ್ಟಿಯೆಂಬುದನ್ನು ಸ್ಥಾಪಿಸಿದನು. ಎಂಟು ಹಬ್ಬಗಳಲ್ಲಿ ಒಂದೊಂದಕ್ಕೆ ಹಳೆಯ ಬೇರು ಇದ್ದೀತು. ಎಂಟನ್ನೂ ಒಂದೇ ಚಕ್ರದಲ್ಲಿ ಜೋಡಿಸಿದ್ದು ೧೯೫೦ರ ದಶಕದ ಕೊನೆಯಲ್ಲಿ. ಒಂದೆರಡು ಹಬ್ಬಗಳ ಈಗಿನ ಹೆಸರುಗಳನ್ನು ೧೯೭೪ರಲ್ಲಿ ಅಮೆರಿಕದ ಏಡನ್ ಕೆಲ್ಲಿ ಎಂಬಾತ ಇಟ್ಟದ್ದು.

ಹಾಗಾದರೆ ಇದೆಲ್ಲ ಸುಳ್ಳು ಎಂದು ಕೈತೊಳೆದುಕೊಳ್ಳಬಹುದೆ? ನನಗೆ ಹಾಗೆ ತೋರುವುದಿಲ್ಲ. ಕಾರ್ಖಾನೆಗಳ ಹೊಗೆಯಲ್ಲಿ ಹೊಲದ ನೆನಪನ್ನು ಕಳೆದುಕೊಂಡ ಒಂದು ಜನಾಂಗ, ವರ್ಷಕ್ಕೆ ಒಂದು ಆಕಾರ ಬೇಕೆಂದು ಹಂಬಲಿಸಿತು. ಹಂಬಲ ನಿಜವಾದದ್ದು. ನಡೆದುಬಂದ ಆಚರಣೆ ಅವರ ಕೈಯಲ್ಲಿ ಇರಲಿಲ್ಲವಾದ್ದರಿಂದ ಪುಸ್ತಕಗಳಿಂದ ಅದನ್ನು ಕಟ್ಟಿಕೊಳ್ಳಬೇಕಾಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ಕಡೆಗೆ ತಿರುಗಿದಾಗ ಇದು ಬೇರೆಯೇ ಅರ್ಥವನ್ನು ಪಡೆಯುತ್ತದೆ.

ಬೆಲ್ಟೇನ್ ಹಬ್ಬಕ್ಕೆ ಒಂದು ಹಳೆಯ ದಾಖಲೆಯುಂಟು. ಸುಮಾರು ಕ್ರಿ.ಶ. ೯೦೦ರ ಕಾಲದ ಐರಿಷ್ ಶಬ್ದಕೋಶವೊಂದು, ಆ ದಿನ ಎರಡು ಬೆಂಕಿಗಳನ್ನು ಹೊತ್ತಿಸಿ, ರೋಗರುಜಿನಗಳು ತಟ್ಟದಿರಲೆಂದು ದನಗಳನ್ನು ಅವುಗಳ ನಡುವೆ ಹಾಯಿಸುತ್ತಿದ್ದರೆಂದು ತಿಳಿಸುತ್ತದೆ. ಇದನ್ನು ಓದಿದ ಹಳೆಯ ಮೈಸೂರಿನ ಯಾವ ಒಕ್ಕಲಿನವನಿಗಾದರೂ ಸಂಕ್ರಾಂತಿಯ ಸಂಜೆ ಕಣ್ಣ ಮುಂದೆ ನಿಲ್ಲದಿರದು. ಬೆಳಿಗ್ಗೆ ಕೆರೆಯಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಹೂವು ಕಟ್ಟಿ, ಸಂಜೆ ಊರ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಇಡುತ್ತಾರೆ. ಉರಿ ಏಳುತ್ತಿದ್ದಂತೆ ಹಗ್ಗ ಹಿಡಿದವರು ಕೂಗುತ್ತ ಹೋರಿಗಳೊಡನೆ ತಾವೂ ನೆಗೆಯುತ್ತಾರೆ. ಇದೇ ಕಿಚ್ಚು ಹಾಯಿಸುವುದು. ದನದ ಮೈಯ ಉಣ್ಣಿ ಉದುರುತ್ತದೆ, ವರ್ಷದ ಪೀಡೆ ಕಳೆಯುತ್ತದೆ ಎಂದು ಹಿರಿಯರು ಕಾರಣ ಕೊಡುತ್ತಾರೆ. ನಾನು ಹುಡುಗನಾಗಿದ್ದಾಗ ಕಿಚ್ಚಿಗಿಂತ ಮುಂಚೆ ನಮ್ಮನ್ನೆಲ್ಲ ಜಗುಲಿಯ ಮೇಲೆ ಹತ್ತಿಸಿಬಿಡುತ್ತಿದ್ದರು. ಬೆಂಕಿಯನ್ನು ಕಂಡು ಹಿಂಜರಿದ ಎತ್ತು ಯಾವ ಕಡೆ ನುಗ್ಗೀತೆಂದು ಹೇಳುವುದು ಕಷ್ಟ.

ಐರ್ಲೆಂಡಿಗೂ ಹಾಸನಕ್ಕೂ ನಡುವೆ ಯಾವ ರಹಸ್ಯವಾದ ನಂಟನ್ನೂ ನಾನು ಕಟ್ಟುವುದಿಲ್ಲ. ಹೋಲಿಕೆಯನ್ನು ಕಂಡೊಡನೆ ಮೂಲವೊಂದೇ ಎನ್ನುವುದು ಮರ್ರೆಯ ದಾರಿ. ದನವನ್ನು ನಂಬಿ ಬದುಕಿದವರು, ದನಕ್ಕೆ ರೋಗ ಬರುವುದನ್ನು ಕಂಡವರು, ಬೆಂಕಿ ಶುದ್ಧಮಾಡುತ್ತದೆಂದು ಅರಿತವರು, ಎಲ್ಲಿದ್ದರೂ ಈ ಆಚರಣೆಗೆ ತಾವಾಗಿಯೇ ಬಂದಾರು. ಕೂಡಿ ನೋಡುವುದರಿಂದ ಆಗುವ ಲಾಭ ಬೇರೆ: ಹಬ್ಬದ ಹಿಂದೆ ಒಂದು ದುಡಿಮೆ ಇದೆ ಎಂಬುದು ಎದ್ದು ಕಾಣುತ್ತದೆ.

ಮೊಸಳೆಯ ಸುತ್ತಿನ ಸೀಮೆಯ ವರ್ಷವನ್ನು ಈ ದೃಷ್ಟಿಯಿಂದ ಒಮ್ಮೆ ಸುತ್ತಿಬರೋಣ. ಈ ವರ್ಷದ ಬೆನ್ನೆಲುಬು ಮಳೆಯ ನಕ್ಷತ್ರಗಳು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಇಂದಿಗೂ ರೈತರ ಬಾಯಲ್ಲಿದೆ. ಯುಗಾದಿ ಬಂದರೆ ಹೊನ್ನಾರು. ಪಂಚಾಂಗ ಕೇಳಿ, ಆ ವರ್ಷಕ್ಕೆ ಯಾರ ಹೆಸರಿಗೆ ಬಲವಿದೆಯೋ ಅವನನ್ನು ಮುಂದಿಟ್ಟುಕೊಂಡು, ನೇಗಿಲಿಗೂ ಎತ್ತಿಗೂ ಪೂಜೆ ಮಾಡಿ, ಹೊಲದಲ್ಲಿ ಮೊದಲ ಗೆರೆ ಎಳೆಯುತ್ತಾರೆ. ಬೇವು ಬೆಲ್ಲ ನಾಲಗೆಗೆ, ಮೊದಲ ಸಾಲು ನೆಲಕ್ಕೆ.

ಸುಗ್ಗಿ ಮುಗಿದು ಮಳೆ ಬರುವ ಮುಂಚೆ, ಕೈ ಬಿಡುವಾಗಿರುವ ಆ ಬೇಸಗೆಯ ದಿನಗಳಲ್ಲಿ, ಅಮ್ಮನ ಹಬ್ಬಗಳು. ತಮಟೆ ಬಾರಿಸಿ ಹಬ್ಬವನ್ನು ಸಾರಿದ ಮೇಲೆ ಅನೇಕ ಊರುಗಳಲ್ಲಿ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಅಮ್ಮ ಬಿಸಿಯ ದೇವತೆ. ಅವಳನ್ನು ತಂಪು ಮಾಡಬೇಕು. ಮೊಸರನ್ನದ ಎಡೆ, ಬೇವಿನ ಸೊಪ್ಪು, ಹೊಂಬಾಳೆ. ಹೆಂಗಸರು ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಸಾಲಾಗಿ ಗುಡಿಗೆ ನಡೆಯುತ್ತಾರೆ. ಕೆಲವೆಡೆ ಕೊಂಡ ಹಾಯುತ್ತಾರೆ. ಮದ್ರಾಸಿನ ಬಿಷಪ್ಪನಾಗಿದ್ದ ಹೆನ್ರಿ ವೈಟ್‌ಹೆಡ್ ೧೯೧೬ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಮೈಸೂರು ಸೀಮೆಯ ಮಾರಮ್ಮಂದಿರೂ ಬರುತ್ತಾರೆ. ಅವನು ಕಂಡದ್ದರಲ್ಲಿ ಬಹುಪಾಲು ಬಲಿ ಮತ್ತು ಭಯ. ಆರತಿ ಹೊತ್ತ ಹೆಂಗಸಿನ ಕೊರಳಿನ ನೇರವನ್ನೂ, ದೀಪ ಆರಬಾರದೆಂಬ ಎಚ್ಚರವನ್ನೂ ಅವನ ಪುಸ್ತಕದಿಂದ ತಿಳಿಯಲಾಗದು.

ಮಳೆಗಾಲ ತುಂಬಿದಾಗ ಗೌರಿ. ತವರಿಗೆ ಬರುವ ಮಗಳಂತೆ ಅವಳನ್ನು ನೀರ ದಡದಿಂದ ಕರೆತಂದು, ಬಾಗಿನ ಕೊಟ್ಟು, ಮಗನೊಡನೆ ನೀರಿಗೇ ಕಳಿಸಿಕೊಡುತ್ತಾರೆ. ಆಮೇಲೆ ಪಿತೃಪಕ್ಷ, ಹಿರಿಯರ ಹಬ್ಬ. ಬಾಳೆಯೆಲೆಯ ಮೇಲೆ ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಮನೆಗಳುಂಟು. ಸತ್ತ ಅಜ್ಜನಿಗೆ ಪ್ರಿಯವಾಗಿದ್ದದ್ದು ಮಾಂಸವಾದರೆ ಮಾಂಸ, ಬೀಡಿಯಾದರೆ ಬೀಡಿ. ಎಡೆಯಲ್ಲಿ ಅದೂ ಇರಬೇಕು. ಇಂಗ್ಲೆಂಡಿನ ವಿಕ್ಕ ಮತದವರು ಅಕ್ಟೋಬರಿನ ಕೊನೆಯ ಇರುಳು ಸತ್ತವರಿಗೆಂದು ಊಟದ ಮೇಜಿನಲ್ಲಿ ಒಂದು ತಟ್ಟೆ ಇಡುವುದನ್ನು ಕೇಳಿದರೆ ನಮ್ಮ ಹಳ್ಳಿಯ ಅಜ್ಜಿಗೆ ಆಶ್ಚರ್ಯವಾಗಲಾರದು. ಒಂದೇ ತಟ್ಟೆ ಸಾಕೇ ಎಂದು ಕೇಳಿಯಾಳು.

ಆಶ್ವಯುಜದಲ್ಲಿ, ರಾಗಿ ತೆನೆಗಟ್ಟುವ ಹೊತ್ತಿಗೆ, ಜಿಲ್ಲೆಯ ದೊಡ್ಡ ಬಾಗಿಲು ತೆರೆಯುತ್ತದೆ. ಹಾಸನದ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು, ಬಲಿಪಾಡ್ಯಮಿ ಕಳೆದೊಡನೆ ಮುಚ್ಚುತ್ತದೆ. ಒಳಗೆ ಇರುವುದು ಶಿಲ್ಪಿ ಕಡೆದ ಮೂರ್ತಿಯಲ್ಲ, ಹುತ್ತದ ರೂಪ. ಸಪ್ತಮಾತೃಕೆಯರು ಕಾಶಿಯಿಂದ ಆಕಾಶಮಾರ್ಗವಾಗಿ ಬರುತ್ತ ಈ ನೆಲಕ್ಕೆ ಮನಸೋತರೆಂದೂ, ವೈಷ್ಣವಿ, ಕೌಮಾರಿ, ಮಾಹೇಶ್ವರಿಯರು ಹುತ್ತದಲ್ಲಿ ನೆಲೆಸಿದರೆಂದೂ, ಚಾಮುಂಡಿ, ವಾರಾಹಿ, ಇಂದ್ರಾಣಿಯರು ದೇವಿಗೆರೆಯಲ್ಲಿ ಉಳಿದರೆಂದೂ, ಬ್ರಾಹ್ಮಿಯು ಆಲೂರು ತಾಲ್ಲೂಕಿನ ಹೊಸಕೋಟೆಯಲ್ಲಿ ಕೆಂಚಮ್ಮನಾದಳೆಂದೂ ಐತಿಹ್ಯ. ಕಳೆದ ವರ್ಷ ಹಚ್ಚಿದ ದೀಪ ಆರದೆ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಆ ನಂಬಿಕೆಯ ಜೊತೆಗೆ ಚರಿತ್ರೆಯ ವಿದ್ಯಾರ್ಥಿಯ ಗಮನ ಸೆಳೆಯುವುದು ಮುಚ್ಚಿದ ಬಾಗಿಲು. ವರ್ಷವೆಲ್ಲ ಕಾಣದಿರುವ ದೇವಿ, ಕತ್ತಲೆಯ ಅಮಾವಾಸ್ಯೆಯ ಸುತ್ತ ಕೆಲವೇ ದಿನ ಕಾಣುತ್ತಾಳೆ. ಋತುವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಹೇಗೆ?

ಈ ಮಾತೃಕೆಯರನ್ನು ನೆನೆಯುತ್ತ ಮೊಸಳೆಗೆ ಬಂದರೆ ಅಲ್ಲಿ ಜೋಡಿ ದೇವಾಲಯಗಳು. ಸುಮಾರು ಕ್ರಿ.ಶ. ೧೨೦೦ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ ಸೇರಿದ ಹೊಯ್ಸಳ ಕಟ್ಟಡಗಳು. ನಾಗೇಶ್ವರನದು ಒಂದು, ಚೆನ್ನಕೇಶವನದು ಒಂದು. ಎರಡೂ ಪೂರ್ವಕ್ಕೆ ಮುಖಮಾಡಿ, ಕೆಲವೇ ಅಡಿಗಳ ಅಂತರದಲ್ಲಿ, ಅವಳಿ ಮಕ್ಕಳಂತೆ ನಿಂತಿವೆ. ಹೊರಗೋಡೆಯ ಸಾಲಿನಲ್ಲಿ ಲಕ್ಷ್ಮಿ, ಗೌರಿ, ಮಹಿಷಮರ್ದಿನಿಯರು ಇದ್ದಾರೆ. ಹೊಯ್ಸಳರ ಶಿವಾಲಯಗಳ ನವರಂಗದಲ್ಲಿ ಸಪ್ತಮಾತೃಕೆಯರ ಫಲಕ ಇಡುವುದು ಆ ಕಾಲದ ವಾಡಿಕೆ. ಹುತ್ತದಲ್ಲಿ ನೆಲೆಸಿದ ತಾಯಂದಿರೂ ನುಣುಪಾದ ಬಳಪದ ಕಲ್ಲಿನಲ್ಲಿ ಕುಳಿತ ತಾಯಂದಿರೂ ಹೆಸರಿನಲ್ಲಿ ಒಬ್ಬರೇ ಎಂಬುದನ್ನು ಇಲ್ಲಿ ಗಮನಿಸಬೇಕು. ಹಳ್ಳಿಯ ಧರ್ಮ ಬೇರೆ, ಅರಸರ ಧರ್ಮ ಬೇರೆ ಎಂದು ಗೆರೆ ಎಳೆದುಬಿಡುವುದು ಸುಲಭವಲ್ಲ. ಮೊಸಳೆಯಲ್ಲಿ ಜಮದಗ್ನಿ ಋಷಿ ವಾಸವಾಗಿದ್ದನೆಂದು ಪ್ರತೀತಿ. ಜಮದಗ್ನಿಯ ಹೆಂಡತಿ ರೇಣುಕೆ. ಗಂಡನ ಮಾತಿನಂತೆ ಮಗನ ಕೊಡಲಿಗೆ ತಲೆಯೊಡ್ಡಿದ ಆ ಹೆಣ್ಣು ಕನ್ನಡನಾಡಿನಲ್ಲಿ ಎಲ್ಲಮ್ಮನಾಗಿ ಪೂಜೆಗೊಂಡಳು. ಅಪವಾದ ಹೊತ್ತು ಕೊಲ್ಲಲ್ಪಟ್ಟವಳನ್ನೇ ತಾಯಿಯೆಂದು ಎತ್ತಿ ನಿಲ್ಲಿಸುವುದು ನಮ್ಮ ಗ್ರಾಮದೇವತೆಗಳ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಈ ಎಳೆಯನ್ನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಿಡಿಯುತ್ತೇನೆ.

ಮಾರ್ಗಶಿರ ಪುಷ್ಯಗಳಲ್ಲಿ ಕೊಯ್ಲು, ಒಕ್ಕಣೆ. ಕಣ ಮಾಡುವುದೇ ಒಂದು ವ್ರತ. ನೆಲವನ್ನು ಕೆತ್ತಿ, ನೀರು ಹಾಕಿ ತುಳಿಸಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತುಗಳನ್ನು ತಿರುಗಿಸುತ್ತಾರೆ. ತೂರಿದ ಕಾಳು ರಾಶಿಯಾದಾಗ ಸಗಣಿಯ ಬೆನವನಿಗೆ ಗರಿಕೆ ಸಿಕ್ಕಿಸಿ ರಾಶಿಪೂಜೆ. ಆಮೇಲೆ ಆಯ ಕೊಡುವುದು: ಕಮ್ಮಾರನಿಗೆ, ಬಡಗಿಗೆ, ಕುಂಬಾರನಿಗೆ, ಅಗಸನಿಗೆ, ತಳವಾರನಿಗೆ, ನೀರುಗಂಟಿಗೆ. ವೃತ್ತ, ನಡುವೆ ಒಂದು ಕಂಬ, ಸುತ್ತುವ ಹೆಜ್ಜೆ, ಬೆಳೆಗೆ ಕೃತಜ್ಞತೆ. ವಿಕ್ಕ ಮತದವರು ಸುಣ್ಣದ ಗೆರೆಯಿಂದಲೋ ಹಗ್ಗದಿಂದಲೋ ಬರೆದುಕೊಳ್ಳುವ ವೃತ್ತಕ್ಕೆ ನಮ್ಮಲ್ಲಿ ಜೊತೆಯಿದ್ದರೆ ಅದು ಈ ಕಣವೇ. ಇಲ್ಲಿ ಕಾಳು ಬೀಳುತ್ತಿತ್ತೆಂಬುದೊಂದು ಹೆಚ್ಚಿನ ಮಾತು.

ಎರಡು ಚಕ್ರಗಳ ವ್ಯತ್ಯಾಸಗಳನ್ನೂ ಹೇಳಬೇಕು. ಮೊದಲನೆಯದು ನೆಲದ್ದು. ವಿಕ್ಕ ಮತ ಆಸ್ಟ್ರೇಲಿಯಕ್ಕೆ ಹೋದಾಗ ಅಲ್ಲಿಯ ಅನುಯಾಯಿಗಳಿಗೆ ಒಂದು ಇಕ್ಕಟ್ಟು ಎದುರಾಯಿತು. ಇಂಗ್ಲೆಂಡಿನಲ್ಲಿ ಎಲೆ ಉದುರುವ ಅಕ್ಟೋಬರ್ ಅವರಲ್ಲಿ ವಸಂತ. ಬಹಳ ಮಂದಿ ಪಂಚಾಂಗವನ್ನು ಆರು ತಿಂಗಳು ತಿರುಗಿಸಿಕೊಂಡರು. ಹಾಸನದಲ್ಲಿ ಆಚರಿಸಹೊರಟರೆ ಆರು ತಿಂಗಳು ತಿರುಗಿಸಿದರೂ ಸಾಲದು. ನಮ್ಮದು ನಾಲ್ಕು ಕಾಲಗಳ ನಾಡಲ್ಲ, ಮಳೆಯ ನಾಡು. ಬೆಳಕು ಕುಗ್ಗಿತೆಂಬ ದುಃಖ ನಮ್ಮ ಹಬ್ಬಗಳಲ್ಲಿ ಅಷ್ಟಿಲ್ಲ. ಮಳೆ ಬಂದೀತೆ ಎಂಬ ಆತಂಕ ಇದೆ. ಎರಡನೆಯ ವ್ಯತ್ಯಾಸ ಸಮಾಜದ್ದು. ವಿಕ್ಕ ಮತಕ್ಕೆ ವ್ಯಕ್ತಿಯೊಬ್ಬ ತಾನಾಗಿ ಆರಿಸಿಕೊಂಡು ಸೇರುತ್ತಾನೆ. ಅಮ್ಮನ ಹಬ್ಬಕ್ಕೆ ಯಾರೂ ಸೇರುವುದಿಲ್ಲ, ಹುಟ್ಟುತ್ತಲೇ ಅದರೊಳಗಿರುತ್ತಾರೆ. ತಮ್ಮ ತಮ್ಮ ಜಾತಿ ಕೊಟ್ಟ ಜಾಗದಲ್ಲಿರುತ್ತಾರೆ. ಯಾರ ತಮಟೆಯಿಲ್ಲದೆ ಹಬ್ಬ ಆರಂಭವಾಗದೋ, ಯಾವ ಅಸಾದಿಯ ಹಾಡಿಲ್ಲದೆ ಅಮ್ಮ ಏಳಳೋ, ಅವರೇ ಎಷ್ಟೋ ಊರುಗಳಲ್ಲಿ ಗುಡಿಯ ಹೊಸ್ತಿಲ ಹೊರಗೆ ನಿಲ್ಲಬೇಕಾಗಿತ್ತು. ನಮ್ಮ ಋತುಚಕ್ರವನ್ನು ಹೊಗಳುವಾಗ ಈ ಮಾತನ್ನು ನುಂಗಿಕೊಂಡರೆ ಅದು ಚರಿತ್ರೆಯಾಗುವುದಿಲ್ಲ.

ಮೂರನೆಯದು ಹಳಮೆಯ ವಿಷಯ. ಅವರದು ಹೊಸತು, ನಮ್ಮದು ಅನಾದಿ ಎಂದು ಬೀಗುವವರುಂಟು. ನಮ್ಮ ತಾಯಂದಿರಲ್ಲೂ ಹೊಸಬರಿದ್ದಾರೆ. ೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು; ಅದರ ಬೆನ್ನಿಗೇ ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದವು. ಚನ್ನರಾಯಪಟ್ಟಣದ ಸೀಮೆಯಲ್ಲಿ ಪ್ಲೇಗು ಏನು ಮಾಡಿತೆಂಬುದನ್ನು ಅದೇ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ೧೯೭೦ರ 'ಗೃಹಭಂಗ' ಕಾದಂಬರಿಯನ್ನು ಓದಿದವರು ಮರೆಯಲಾರರು. ಊರು ಬಿಟ್ಟು ಷೆಡ್ಡುಗಳಲ್ಲಿ 'ಇನ್ನು ಯಾರ ಸರದಿ' ಎಂದು ಕಾಯುತ್ತಿದ್ದ ಜನಕ್ಕೆ ಒಬ್ಬ ತಾಯಿ ಬೇಕಾಗಿದ್ದಳು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ಸಿಡುಬು ಹೋಯಿತು, ಮಾರಮ್ಮ ಉಳಿದಳು. ಜನ ಅವಳಿಗೆ ಬೇರೆ ಕೆಲಸಗಳನ್ನು ಒಪ್ಪಿಸಿದರು. ಹೀಗೆ ಸಂಪ್ರದಾಯವೆಂಬುದು ಕಲ್ಲಿನ ಕಂಬವಲ್ಲ, ಪ್ರತಿ ವರ್ಷ ಸಾರಿಸಿ ಹೊಸದಾಗಿ ಮಾಡುವ ಕಣ.

ಈಗ ಮತ್ತೆ 'ಮಾಟ' ಎಂಬ ಮಾತಿಗೆ ಬರುತ್ತೇನೆ. ಯೂರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಮಾಟದ ಆರೋಪದ ಮೇಲೆ ಕೊಲ್ಲಲ್ಪಟ್ಟವರು ನಲವತ್ತರಿಂದ ಅರವತ್ತು ಸಾವಿರ ಎಂದು ಇಂದಿನ ವಿದ್ವಾಂಸರ ಅಂದಾಜು. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ತೊಂಬತ್ತು ಲಕ್ಷವೆಂದು ಹಿಂದೆ ಹೇಳುತ್ತಿದ್ದ ಸಂಖ್ಯೆಗೆ ಆಧಾರವಿಲ್ಲ. ನಲವತ್ತು ಸಾವಿರವೇ ಸಾಕಷ್ಟು ಘೋರವಾದದ್ದು. ವಿಕ್ಕ ಮತದವರು ಆ ಶಬ್ದವನ್ನು ಮರಳಿ ಎತ್ತಿಕೊಂಡದ್ದರಲ್ಲಿ ಸತ್ತ ಆ ಹೆಂಗಸರ ಪರವಾದ ಒಂದು ಮಾತು ಇದೆ. ಅಲ್ಲಿ ಹಿಂಸೆ ಮುಗಿದು ಇನ್ನೂರು ಮುನ್ನೂರು ವರ್ಷಗಳಾದ ಮೇಲೆ ಅದು ಸಾಧ್ಯವಾಯಿತು. ನಮ್ಮಲ್ಲಿ ಅದು ಮುಗಿದಿಲ್ಲ. ಡಾಕಿಣಿಯೆಂದು ಹೆಂಗಸರನ್ನು ಹಿಂಸಿಸುವುದನ್ನು ತಡೆಯಲು ಬಿಹಾರ ೧೯೯೯ರಲ್ಲಿ ಕಾಯಿದೆ ಮಾಡಬೇಕಾಯಿತು. ಛತ್ತೀಸಗಢ, ಒಡಿಶಾ, ರಾಜಸ್ಥಾನ, ಅಸ್ಸಾಮುಗಳೂ ಆಮೇಲೆ ಅದೇ ದಾರಿ ಹಿಡಿದವು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ಮಾಟಮಂತ್ರವನ್ನೂ ತಡೆಯುವ ಶಾಸನ ೧೭ನೆಯ ಇಸವಿಯದು, ಎಂದರೆ ೨೦೧೭ರದು. ಜಾರಿಗೆ ಬಂದದ್ದು ೨೦೨೦ರ ಜನವರಿಯಲ್ಲಿ. ಬಾನಾಮತಿಯ ಹೆಸರಿನಲ್ಲಿ ಜನರನ್ನು ಹೊಡೆಯುವುದು, ಬೆತ್ತಲೆ ಮೆರವಣಿಗೆ ಮಾಡುವುದು ಅದರಡಿ ಅಪರಾಧ. ಶಾಸನ ಇದನ್ನು ಬಾಯಿಬಿಟ್ಟು ಹೇಳಬೇಕಾಯಿತೆಂಬುದೇ ನಮ್ಮ ಸ್ಥಿತಿಯನ್ನು ತಿಳಿಸುತ್ತದೆ.

ಯಾರು ಹೀಗೆ ಆರೋಪಕ್ಕೆ ಸಿಲುಕುವವರು? ಬಹುಮಟ್ಟಿಗೆ ವಿಧವೆ, ಒಂಟಿ ಮುದುಕಿ, ಮೂಲಿಕೆ ಬಲ್ಲವಳು, ತುಂಡು ಜಮೀನಿನ ಮೇಲೆ ಹಕ್ಕು ಕೇಳಿದವಳು. ವರ್ಷದಲ್ಲಿ ಒಂದು ದಿನ ಆರತಿ ಹೊತ್ತವಳನ್ನು ಅಮ್ಮನೆಂದು ಕೈಮುಗಿಯುವ ಬೀದಿ, ಕರುವೊಂದು ಸತ್ತರೆ ಮತ್ತೊಬ್ಬಳ ಕಣ್ಣಿನ ಮೇಲೆ ಅನುಮಾನಪಡುತ್ತದೆ. ರೇಣುಕೆಯ ಕಥೆಯನ್ನು ಮೊದಲೇ ಹೇಳಿದೆನಲ್ಲ. ನಾವು ಕೊಂದವಳನ್ನು ಪೂಜಿಸಬಲ್ಲೆವು. ಕೊಲ್ಲದೆ ಗೌರವಿಸುವುದು ಇನ್ನೂ ಪೂರ್ತಿ ಅಭ್ಯಾಸವಾಗಿಲ್ಲ. ಅದಕ್ಕಾಗಿಯೇ ವಿಕ್ಕ ಎಂಬುದನ್ನು ಮಾಟಗಾತಿಯರ ಮತ ಎಂದು ಲಘುವಾಗಿ ಅನುವಾದಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಹೆಮ್ಮೆಯ ಬಿರುದಾದ ಮಾತು ನಮ್ಮ ಹಳ್ಳಿಯಲ್ಲಿ ಒಬ್ಬ ಮುದುಕಿಯ ಪ್ರಾಣಕ್ಕೆ ಮುಳುವಾದೀತು.

ಕಡೆಯದಾಗಿ ಒಂದು ವಿಚಾರ. ೧೯೭೯ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ, ಕಾಲುವೆ ತಲುಪಿದ ಕಡೆ ಮಳೆಯ ನಕ್ಷತ್ರಕ್ಕಿಂತ ತೂಬಿನ ದಿನಾಂಕ ಮುಖ್ಯವಾಯಿತು. ಮುಂಗಾರಿಗೆ ಆಲೂಗೆಡ್ಡೆ ಹಾಕಿ ಗೌರಿಹಬ್ಬದ ಹೊತ್ತಿಗೆ ಕೀಳುವುದು ಹಾಸನ, ಅರಕಲಗೂಡುಗಳಲ್ಲಿ ವಾಡಿಕೆಯಾಯಿತು. ಆ ಬೆಳೆಗೆ ರಾಶಿಪೂಜೆಯ ಕಣ ಬೇಕಿಲ್ಲ, ಚೀಲ ಸಾಕು. ಉಳುಮೆಗೆ ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ಬಸ್ಸು ಲಾರಿಗಳಿಂದ ತುಳಿಸುವುದನ್ನು ಈ ದಾರಿಗಳಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ. ಎಷ್ಟೋ ಊರುಗಳಲ್ಲಿ ಸಂಕ್ರಾಂತಿಯ ಕಿಚ್ಚಿಗೆ ಹೋರಿಗಳು ಬೆರಳೆಣಿಕೆಯಷ್ಟು. ಇದನ್ನು ಕಂಡು ರೈತನನ್ನು ದೂರುವುದು ನ್ಯಾಯವಲ್ಲ. ಒಕ್ಕಣೆಯ ಸೊಂಟನೋವು ಗೊತ್ತಿಲ್ಲದವರು ಮಾತ್ರ ಕಣ ಹೋಯಿತಲ್ಲಾ ಎಂದು ಕಣ್ಣೀರಿಡುತ್ತಾರೆ.

ಆದರೆ ದುಡಿಮೆ ಹೋದಮೇಲೆ ಹಬ್ಬ ಬಹುಕಾಲ ನಿಲ್ಲದು. ಇಂಗ್ಲೆಂಡಿನಲ್ಲಿ ಆದದ್ದು ಇದೇ. ಅಲ್ಲಿ ಎಲ್ಲವೂ ಮಾಸಿಹೋದ ಮೇಲೆ, ಹಸಿದ ಒಂದು ತಲೆಮಾರು ಚಿತ್ರಹಿಂಸೆಯ ದಾಖಲೆಗಳಲ್ಲಿ ತನ್ನ ಹಬ್ಬವನ್ನು ಹುಡುಕಬೇಕಾಯಿತು. ನಮಗೆ ಆ ಗತಿ ಬರಬೇಕಾಗಿಲ್ಲ. ಹೊನ್ನಾರು ಕಟ್ಟಿದ ಕೈಗಳು, ಸಾರು ಹಾಕಿದ ತಮಟೆಗಳು, ಅಸಾದಿಯ ನಾಲಗೆ, ತಂಬಿಟ್ಟಿನ ಹದ ಬಲ್ಲ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ೧೯೦೨ರಲ್ಲಿ ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಅಚ್ಚುಮಾಡಿಸಿದನು. ಕಲ್ಲು ಹೇಳಿದ್ದು ಹೀಗೆ ಉಳಿಯಿತು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಹಳ್ಳಿಯ ಉಪಕರಣಗಳಿಗೆ ಮನೆ ಮಾಡಿಕೊಟ್ಟರು. ಪ್ರತಿ ಊರಿನ ವರ್ಷವನ್ನು, ಯಾರು ಯಾವ ಕೆಲಸ ಮಾಡುತ್ತಿದ್ದರು, ಯಾರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡುವ ಕೆಲಸ ಉಳಿದಿದೆ. ಅದಕ್ಕೆ ವಿಶ್ವವಿದ್ಯಾನಿಲಯವೇ ಬೇಕೆಂದಿಲ್ಲ. ಊರಿನ ಶಾಲೆಯ ಉಪಾಧ್ಯಾಯರೂ ಒಂದು ನೋಟುಪುಸ್ತಕವೂ ಸಾಕು. ಮೊಸಳೆಯ ಕಲ್ಲಿನ ತಾಯಂದಿರು ಎಂಟು ನೂರು ವರ್ಷ ಕಾದಿದ್ದಾರೆ, ಇನ್ನೂ ಕಾದಾರು. ಅಜ್ಜಿಯರಿಗೆ ಅಷ್ಟು ಕಾಲವಿಲ್ಲ.